42 ದಿನಗಳ ಲೆಕ್ಕ: ಜಿಆರ್‌ಇ ಪರೀಕ್ಷೆಗೆ ಅಲ್ಪಾವಧಿಯ ಅಭ್ಯಾಸಕ್ರಮ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೋ ಡಾಕ್ಟರೇಟ್ ಸಂಶೋಧನೆಗೋ ಪ್ರವೇಶ ಬಯಸುವವರ ಭಾಷೆ, ಗಣಿತ ಮತ್ತು ಬರವಣಿಗೆಯ ಸಾಮರ್ಥ್ಯವನ್ನು ಅಳೆಯುವ ಗ್ರಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್ ಎಂಬ ಪರೀಕ್ಷೆ ಕರ್ನಾಟಕದ ಎಂಜಿನಿಯರಿಂಗ್ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಜಿಆರ್‌ಇ ಎಂಬ ಚಿಕ್ಕ ಹೆಸರಿನಿಂದಲೇ ಪರಿಚಿತವಾಗಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳು ಕಾರ್ನೆಗಿ ಪ್ರತಿಷ್ಠಾನದೊಡನೆ ಸೇರಿ 1936ರಲ್ಲಿ ಪ್ರಯೋಗರೂಪದಲ್ಲಿ ಆರಂಭಿಸಿದ ಈ ಪರೀಕ್ಷೆಯ ಹೊಣೆಯನ್ನು, 1947ರಲ್ಲಿ ಸ್ಥಾಪನೆಯಾದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್, ಮುಂದೆ ವಹಿಸಿಕೊಂಡಿತು. ಇಂದಿಗೂ ಅದೇ ಸಂಸ್ಥೆ ಇದನ್ನು ನಡೆಸುತ್ತಿದೆ. ಇದಕ್ಕೆ ಕೂರುವವರಲ್ಲಿ ಅನೇಕರು ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್ ಮತ್ತು ಕ್ಯಾಂಪಸ್ ಸಂದರ್ಶನಗಳ ನಡುವೆಯೋ, ಕಚೇರಿಯ ಕೆಲಸ ಮುಗಿಸಿ ರಾತ್ರಿ ಮನೆ ಸೇರಿದ ಮೇಲೆಯೋ ಓದಬೇಕಾದವರಾದ್ದರಿಂದ, ಅವರ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಐದಾರು ವಾರ. ಮೂರು ನಾಲ್ಕು ತಿಂಗಳಿಗೆಂದು ರೂಪಿಸಿದ ಪಾಠಕ್ರಮವನ್ನು ಹಾಗೆಯೇ ಹಿಂಡಿ ಆರು ವಾರಕ್ಕೆ ತುಂಬುವುದು ಇಂಥ ಸಿದ್ಧತೆಯ ಮೊದಲ ತಪ್ಪು. ಅವಧಿ ಕಿರಿದಾದಷ್ಟೂ ಏನನ್ನು ಓದದೆ ಬಿಡಬಹುದು ಎಂಬ ತೀರ್ಮಾನವೇ ಯೋಜನೆಯ ಮುಖ್ಯ ಕೆಲಸವಾಗುತ್ತದೆ, ಮತ್ತು ಆ ತೀರ್ಮಾನಕ್ಕೆ ಅಭ್ಯರ್ಥಿಯ ಸ್ವಂತ ತಪ್ಪುಗಳಿಗಿಂತ ನಂಬಿಕೆಗೆ ಅರ್ಹವಾದ ಆಧಾರ ಬೇರೊಂದಿಲ್ಲ.

ಎಲ್ಲಕ್ಕೂ ಮೊದಲು ಪರೀಕ್ಷೆಯ ಅಗತ್ಯವಿದೆಯೇ ಎಂಬುದನ್ನೇ ಖಚಿತಪಡಿಸಿಕೊಳ್ಳಬೇಕು. ಕಳೆದ ಕೆಲವು ವರ್ಷಗಳಲ್ಲಿ ಅನೇಕ ವಿಭಾಗಗಳು, ಅದರಲ್ಲೂ ಜೀವವಿಜ್ಞಾನದ ಸಂಶೋಧನಾ ವಿಭಾಗಗಳು, ಜಿಆರ್‌ಇ ಅಂಕಗಳನ್ನು ಐಚ್ಛಿಕಗೊಳಿಸಿವೆ ಅಥವಾ ಪರಿಗಣಿಸುವುದನ್ನೇ ಬಿಟ್ಟಿವೆ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳ ನಿಯಮಗಳು ಬೇರೆ ಬೇರೆಯಾಗಿರುವುದೂ ಸಾಮಾನ್ಯ. ಅರ್ಜಿ ಹಾಕಬೇಕೆಂದಿರುವ ಏಳೆಂಟು ವಿಭಾಗಗಳ ನಿಯಮಗಳನ್ನು ಓದಲು ಒಂದು ಸಂಜೆಯನ್ನು ಮೀಸಲಿಟ್ಟರೆ ಆರು ವಾರಗಳ ದುಡಿಮೆ ಎಲ್ಲಿ ಸಾರ್ಥಕವಾಗುತ್ತದೆ ಎಂಬುದು ತಿಳಿಯುತ್ತದೆ.

ಪರೀಕ್ಷೆಯ ಸ್ವರೂಪವೂ ಈಚೆಗೆ ಬದಲಾಗಿದೆ. ಸುಮಾರು ಮೂರು ಮುಕ್ಕಾಲು ಗಂಟೆ ನಡೆಯುತ್ತಿದ್ದ ಪರೀಕ್ಷೆಯನ್ನು 2023ರ ಸೆಪ್ಟೆಂಬರ್‌ನಲ್ಲಿ 1 ಗಂಟೆ 58 ನಿಮಿಷಕ್ಕೆ ಇಳಿಸಲಾಯಿತು. ಆರಂಭದಲ್ಲಿ 30 ನಿಮಿಷದ ಒಂದು ಪ್ರಬಂಧ. ಅದಾದ ಮೇಲೆ ಭಾಷೆಯ ಎರಡು ಖಂಡಗಳಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ ಮತ್ತು 23 ನಿಮಿಷಕ್ಕೆ 15 ಪ್ರಶ್ನೆ. ಗಣಿತದ ಎರಡು ಖಂಡಗಳಲ್ಲಿ 21 ನಿಮಿಷಕ್ಕೆ 12 ಮತ್ತು 26 ನಿಮಿಷಕ್ಕೆ 15. ಭಾಷೆಗೂ ಗಣಿತಕ್ಕೂ ಪ್ರತ್ಯೇಕವಾಗಿ 130ರಿಂದ 170ರವರೆಗೆ, ಪ್ರಬಂಧಕ್ಕೆ ಸೊನ್ನೆಯಿಂದ 6ರವರೆಗೆ ಅಂಕ ದೊರೆಯುತ್ತದೆ. ಹಿಂದೆ ಇದ್ದ ಎರಡನೆಯ ಪ್ರಬಂಧವೂ ನಡುವಿನ ವಿರಾಮವೂ ಈಗ ಇಲ್ಲ. ಹಳೆಯ ಸ್ವರೂಪಕ್ಕೆ ಅನುಗುಣವಾದ ಪುಸ್ತಕಗಳು ಇನ್ನೂ ಅಂಗಡಿಗಳಲ್ಲೂ ಹಿರಿಯ ವಿದ್ಯಾರ್ಥಿಗಳ ಕಪಾಟುಗಳಲ್ಲೂ ಉಳಿದಿರುವುದರಿಂದ ಈ ವಿವರ ಮುಖ್ಯ: ಅವುಗಳ ಲೆಕ್ಕಗಳು ಅಭ್ಯಾಸಕ್ಕೆ ಇಂದಿಗೂ ಒದಗುತ್ತವೆ, ಆದರೆ ಅವುಗಳಲ್ಲಿರುವ ವೇಳಾಪಟ್ಟಿ ಮತ್ತು ಪೂರ್ಣ ಅಣಕು ಪರೀಕ್ಷೆಗಳು ಈಗ ಇಲ್ಲದ ಪರೀಕ್ಷೆಗೆ ಅಭ್ಯರ್ಥಿಯನ್ನು ಸಜ್ಜುಗೊಳಿಸುತ್ತವೆ.

ದಿನಾಂಕಗಳನ್ನು ಗೊತ್ತುಮಾಡುವಾಗ ಕೊನೆಯಿಂದ ಹಿಂದಕ್ಕೆ ಎಣಿಸುವುದು ಸರಿಯಾದ ಕ್ರಮ. ಅಮೆರಿಕದಲ್ಲಿ ಆಗಸ್ಟ್ ಸುಮಾರಿಗೆ ಆರಂಭವಾಗುವ ಶೈಕ್ಷಣಿಕ ವರ್ಷಕ್ಕೆ ಅನೇಕ ವಿಭಾಗಗಳು ಹಿಂದಿನ ಡಿಸೆಂಬರ್‌ನಲ್ಲೇ ಅರ್ಜಿ ಸ್ವೀಕಾರವನ್ನು ಮುಗಿಸುತ್ತವೆ. ಕೊನೆಯ ದಿನ ಡಿಸೆಂಬರ್ 15 ಎಂದಿಟ್ಟುಕೊಂಡರೆ, ಅಧಿಕೃತ ಅಂಕಪಟ್ಟಿ ಹೊರಬರಲು 8ರಿಂದ 10 ದಿನ ಹಿಡಿಯುವುದರಿಂದ ಪರೀಕ್ಷೆ ಡಿಸೆಂಬರ್ 1ರೊಳಗೆ ಮುಗಿದಿರಬೇಕು. ಒಮ್ಮೆ ಬರೆದವರು ಮತ್ತೆ ಬರೆಯಲು 21 ದಿನ ಕಾಯಬೇಕೆಂಬ ನಿಯಮವಿರುವುದರಿಂದ, ಎರಡನೆಯ ಅವಕಾಶವನ್ನು ಉಳಿಸಿಕೊಳ್ಳಬೇಕೆಂಬವರು ಮೊದಲ ಪರೀಕ್ಷೆಯನ್ನು ನವೆಂಬರ್ 8ರ ಆಸುಪಾಸಿನಲ್ಲಿ ಬರೆಯಬೇಕು. ಅಲ್ಲಿಂದ 42 ದಿನ ಹಿಂದಕ್ಕೆ ಬಂದರೆ ಅಭ್ಯಾಸದ ಮೊದಲ ದಿನ ಸೆಪ್ಟೆಂಬರ್ 27 ಎಂದು ತಿಳಿಯುತ್ತದೆ. ಕರ್ನಾಟಕದ ಅಭ್ಯರ್ಥಿಗೆ ಈ ಅವಧಿಯಲ್ಲೇ ದಸರೆ, ಹಲವು ವರ್ಷಗಳಲ್ಲಿ ದೀಪಾವಳಿಯೂ ಬರುತ್ತವೆ. ಹಬ್ಬದ ದಿನ ಐದು ಗಂಟೆ ಓದುವುದಾಗಿ ಪಟ್ಟಿಯಲ್ಲಿ ಬರೆದು, ಓದದೆ, ಮರುದಿನ ಆ ಬಾಕಿಯ ಚಿಂತೆಯಲ್ಲಿ ಇನ್ನೊಂದು ದಿನವನ್ನು ಕಳೆಯುವುದಕ್ಕಿಂತ, ಆ ದಿನಗಳನ್ನು ಮೊದಲೇ ಖಾಲಿ ಬಿಡುವುದೇ ವಿವೇಕ.

ಹೀಗೆ ಖಾಲಿ ಬಿಡುವುದಕ್ಕೆ ಮನಶ್ಶಾಸ್ತ್ರದ ಬೆಂಬಲವೂ ಇದೆ. ತನ್ನ ಕೆಲಸ ಎಷ್ಟು ಕಾಲ ಹಿಡಿದೀತೆಂದು ಊಹಿಸುವಾಗ ಮನುಷ್ಯ ಹಿಂದಿನ ಅನುಭವವನ್ನು ಬದಿಗಿಟ್ಟು ಎಲ್ಲವೂ ಸುಗಮವಾಗಿ ನಡೆಯುವ ಚಿತ್ರವನ್ನೇ ಕಲ್ಪಿಸಿಕೊಳ್ಳುತ್ತಾನೆ ಎಂಬ ಈ ದೌರ್ಬಲ್ಯವನ್ನು ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಗುರುತಿಸಿ ಯೋಜನಾ ಭ್ರಮೆ ಎಂಬರ್ಥದ ಹೆಸರು ಕೊಟ್ಟರು. ರೋಜರ್ ಬ್ಯೂಲರ್ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೌಢ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಅದನ್ನು ಸರಾಸರಿ ಸುಮಾರು 34 ದಿನಗಳಲ್ಲಿ ಮುಗಿಸುವುದಾಗಿ ಅಂದಾಜಿಸಿದ್ದರು. ಆಗಬಹುದಾದ ಅಡಚಣೆಗಳೆಲ್ಲ ಆದರೂ ಸುಮಾರು 49 ದಿನ ಸಾಕೆಂದು ಹೇಳಿದ್ದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಅತ್ಯಂತ ನಿರಾಶಾದಾಯಕ ಅಂದಾಜೂ ವಾಸ್ತವಕ್ಕಿಂತ ಆಶಾದಾಯಕವಾಗಿತ್ತೆಂಬ ಈ ಸಂಗತಿಯನ್ನು ವೇಳಾಪಟ್ಟಿ ಬರೆಯಲು ಕೂರುವ ಪ್ರತಿಯೊಬ್ಬರೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಉದ್ಯೋಗದಲ್ಲಿರುವ ಅಭ್ಯರ್ಥಿಯೊಬ್ಬರು ವಾರದ ಆರು ದಿನ ಒಂದೂವರೆ ಗಂಟೆ, ಭಾನುವಾರ ಐದು ಗಂಟೆ ಓದಬಲ್ಲರೆಂದು ಭಾವಿಸಿದರೆ ವಾರಕ್ಕೆ 14 ಗಂಟೆ, ಆರು ವಾರಕ್ಕೆ 84 ಗಂಟೆ ಸಿಗುತ್ತದೆ. ಇದರಲ್ಲಿ ಕಾಲುಭಾಗವನ್ನು, ಅಂದರೆ 21 ಗಂಟೆಯನ್ನು, ಜ್ವರ, ನೆಂಟರು, ಕಚೇರಿಯ ತುರ್ತು ಕೆಲಸ ಮತ್ತು ಹಬ್ಬಗಳ ಪಾಲಿಗೆ ಮೊದಲೇ ತೆಗೆದಿಟ್ಟರೆ ಉಳಿಯುವುದು 63 ಗಂಟೆ. ತಲಾ ಎರಡು ಗಂಟೆಯ ನಾಲ್ಕು ಪೂರ್ಣ ಅಣಕು ಪರೀಕ್ಷೆಗಳಿಗೂ, ಪ್ರತಿಯೊಂದರ ಪರಿಶೀಲನೆಗೆ ಬೇಕಾಗುವ ಮೂರು ಗಂಟೆಗೂ ಸೇರಿ 20 ಗಂಟೆ ಹೋದ ಮೇಲೆ ಕಲಿಕೆಗೆಂದು ನಿಜವಾಗಿ ದಕ್ಕುವುದು 43 ಗಂಟೆ ಮಾತ್ರ. 84 ಎಂದುಕೊಂಡು ಹೊರಟವರಿಗೆ 43 ಎಂಬ ಸಂಖ್ಯೆ ಗಾಬರಿ ಹುಟ್ಟಿಸಬಹುದು. ಆದರೆ ಯೋಜನೆ ನಿಲ್ಲಬೇಕಾದದ್ದು ಈ ಸಂಖ್ಯೆಯ ಮೇಲೆಯೇ. ದುರ್ಬಲವಾದ ವಿಷಯಕ್ಕೆ 25 ಗಂಟೆ, ಇನ್ನೊಂದಕ್ಕೆ 12, ಪ್ರಬಂಧಕ್ಕೆ 6 ಎಂದು ಹಂಚಿದರೆ ಲೆಕ್ಕ ಸರಿಹೋಗುತ್ತದೆ. ದುರ್ಬಲ ವಿಷಯ ಯಾವುದೆಂದು ಹೇಳಬೇಕಾದದ್ದು ಮಾತ್ರ ಅಭ್ಯರ್ಥಿಯ ಅನಿಸಿಕೆಯಲ್ಲ, ಮೊದಲ ಅಣಕು ಪರೀಕ್ಷೆ.

ಆದ್ದರಿಂದ ಪುಸ್ತಕ ತೆರೆಯುವ ಮೊದಲೇ, ಯಾವ ಸಿದ್ಧತೆಯೂ ಇಲ್ಲದೆ, ಗಡಿಯಾರ ಹಿಡಿದು ಒಂದು ಪೂರ್ಣ ಪರೀಕ್ಷೆಯನ್ನು ಬರೆಯಬೇಕು. ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಎರಡು ಪೂರ್ಣ ಪರೀಕ್ಷೆಗಳನ್ನು ಉಚಿತವಾಗಿ ಒದಗಿಸುತ್ತದೆ; ಒಂದನ್ನು ಮೊದಲ ದಿನಕ್ಕೂ ಇನ್ನೊಂದನ್ನು ಐದನೆಯ ವಾರಕ್ಕೂ ಮೀಸಲಿಟ್ಟು, ನಡುವಿನ ಎರಡಕ್ಕೆ ಹಣ ಕೊಟ್ಟು ಪಡೆಯುವ ಪರೀಕ್ಷೆಗಳನ್ನೋ ಇತರ ಪ್ರಕಾಶಕರ ಪರೀಕ್ಷೆಗಳನ್ನೋ ಬಳಸಬಹುದು. ಏನೂ ಓದದೆ ಪರೀಕ್ಷೆ ಬರೆದರೆ ಕಡಿಮೆ ಅಂಕ ಬಂದು ಮನಸ್ಸು ಕುಗ್ಗುತ್ತದೆಂದು ಅನೇಕರು ಈ ಹೆಜ್ಜೆಯನ್ನು ಮುಂದೂಡುತ್ತಾರೆ. ಆದರೆ ಆ ಕಡಿಮೆ ಅಂಕದ ಹಿಂದಿರುವ ತಪ್ಪುಗಳೇ ಈ ಯೋಜನೆಯ ಕಚ್ಚಾ ಸಾಮಗ್ರಿ.

ಇಲ್ಲಿ ತಪ್ಪುಗಳ ವರ್ಗೀಕರಣದ ಬಗ್ಗೆ ತುಸು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಸಿದ್ಧತೆಯ ಗುಣಮಟ್ಟ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಒಂದು ಪ್ರಶ್ನೆಗೆ ಉತ್ತರ ತಪ್ಪಾಗುವುದು ಒಂದೇ ಕಾರಣದಿಂದಲ್ಲ. ವಿಷಯವೇ ತಿಳಿಯದಿರುವುದು ಒಂದು ಬಗೆ; ಪ್ರಮಾಣ ವಿಚಲನೆ, ಅಂದರೆ ಸಂಖ್ಯೆಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, ಮರೆತೇಹೋಗಿದ್ದರೆ ಅದನ್ನು ಮತ್ತೆ ಕಲಿಯಬೇಕು. ವಿಷಯ ತಿಳಿದಿದ್ದೂ ಪ್ರಶ್ನೆಯನ್ನು ತಪ್ಪಾಗಿ ಓದುವುದು ಇನ್ನೊಂದು ಬಗೆ. ಶೇಕಡಾವಾರು ಏರಿಕೆಯನ್ನು ಕೇಳಿದಲ್ಲಿ ಏರಿಕೆಯ ಮೊತ್ತವನ್ನು ಕೊಡುವುದು ಇದಕ್ಕೆ ಉದಾಹರಣೆ, ಮತ್ತು ಇಂಥ ತಪ್ಪಿಗೆ ಪಾಠವನ್ನು ಮತ್ತೆ ಓದುವುದರಿಂದ ಯಾವ ಪ್ರಯೋಜನವೂ ಇಲ್ಲ. ಸಮಯ ಸಾಲದೆ ಆತುರದಲ್ಲಿ ಗುರುತು ಮಾಡಿದ್ದು ಮೂರನೆಯದು. ಎರಡು ಆಯ್ಕೆಗಳ ನಡುವೆ ತೂಗಾಡಿ ಕೊನೆಗೆ ತಪ್ಪಾದದ್ದನ್ನು ಆರಿಸಿದ್ದು ನಾಲ್ಕನೆಯದು. ಪ್ರತ್ಯೇಕವಾದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ತಪ್ಪಿನ ಎದುರು ಅದರ ಬಗೆಯನ್ನೂ, ಮುಂದೆ ಅಂಥದೇ ಪ್ರಶ್ನೆ ಎದುರಾದಾಗ ಮಾಡಬೇಕಾದ ಒಂದು ಕೆಲಸವನ್ನೂ ಸ್ವಂತ ವಾಕ್ಯದಲ್ಲಿ ಬರೆದಿಡಬೇಕು. ಆ ವಾಕ್ಯ ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ. ಪರೀಕ್ಷೆ ಇಂಗ್ಲಿಷಿನದಾದರೂ ತಪ್ಪಿನ ಕಾರಣ ಸ್ಪಷ್ಟವಾಗಿ ಹೊಳೆಯುವುದು ಯೋಚನೆಯ ಭಾಷೆಯಲ್ಲಿ. ಊಹೆಯಿಂದ ಸರಿಯಾದ ಉತ್ತರಗಳೂ ಈ ಪುಸ್ತಕಕ್ಕೆ ಸೇರಬೇಕು, ಏಕೆಂದರೆ ಅದೃಷ್ಟ ಎರಡನೆಯ ಸಲವೂ ಬರುವ ಭರವಸೆಯಿಲ್ಲ.

ಗಣಿತ ಖಂಡದ ವ್ಯಾಪ್ತಿ ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ದತ್ತಾಂಶಗಳ ವಿಶ್ಲೇಷಣೆಗೆ ಸೀಮಿತವಾಗಿದ್ದು, ತ್ರಿಕೋನಮಿತಿಯಾಗಲಿ ಕಲನಶಾಸ್ತ್ರವಾಗಲಿ ಅದರಲ್ಲಿಲ್ಲ. ಎಸ್‌ಎಸ್‌ಎಲ್‌ಸಿ ಗಣಿತವನ್ನು ಚೆನ್ನಾಗಿ ಕಲಿತು ಪಿಯುಸಿಯ ಕ್ರಮಯೋಜನೆ, ವಿಕಲ್ಪ ಮತ್ತು ಸಂಭವನೀಯತೆಯನ್ನು ಅದಕ್ಕೆ ಸೇರಿಸಿಕೊಂಡವರಿಗೆ ಬಹುಪಾಲು ವಿಷಯ ಪರಿಚಿತವೇ. ಎಂಜಿನಿಯರಿಂಗ್ ಓದಿದವರು ಅಂಕ ಕಳೆದುಕೊಳ್ಳುವುದು ಕಷ್ಟದ ಗಣಿತದಲ್ಲಲ್ಲ, ಸುಲಭವೆಂದು ತೋರುವ ಗಣಿತದಲ್ಲಿ. ಎರಡು ಪರಿಮಾಣಗಳನ್ನು ಕೊಟ್ಟು ಯಾವುದು ದೊಡ್ಡದು, ಅಥವಾ ಎರಡೂ ಸಮವೇ, ಅಥವಾ ಕೊಟ್ಟ ಮಾಹಿತಿಯಿಂದ ಹೇಳಲಾಗದೇ ಎಂದು ಕೇಳುವ ಹೋಲಿಕೆಯ ಪ್ರಶ್ನೆಗಳನ್ನೇ ನೋಡಬಹುದು. ಸೊನ್ನೆಗಿಂತ ಹೆಚ್ಚಿನ ಒಂದು ಸಂಖ್ಯೆ ದೊಡ್ಡದೋ ಅದರ ವರ್ಗ ದೊಡ್ಡದೋ ಎಂದು ಕೇಳಿದಾಗ, 2ನ್ನು ಇಟ್ಟು ನೋಡಿದವರಿಗೆ ವರ್ಗವೇ ದೊಡ್ಡದೆಂದು ಕಾಣುತ್ತದೆ. 1ನ್ನು ಇಟ್ಟರೆ ಎರಡೂ ಸಮ. ಅರ್ಧವನ್ನು ಇಟ್ಟರೆ ವರ್ಗ ಕಾಲುಭಾಗವಾಗಿ ಚಿಕ್ಕದಾಗುತ್ತದೆ. ಆದ್ದರಿಂದ ಹೇಳಲಾಗದು ಎಂಬುದೇ ಸರಿಯುತ್ತರ. ಬೆಲೆ ಮೊದಲು ಶೇ 20 ಏರಿ ಅನಂತರ ಶೇ 20 ಇಳಿದರೆ 100 ರೂಪಾಯಿಯ ವಸ್ತು 96ಕ್ಕೆ ಬಂದು ನಿಲ್ಲುತ್ತದೆ ಎಂಬುದೂ ಇದೇ ಜಾತಿಯದು. ಭಿನ್ನರಾಶಿ, ಋಣಸಂಖ್ಯೆ, ಸೊನ್ನೆ ಮತ್ತು ಒಂದನ್ನು ಇಟ್ಟು ಪರೀಕ್ಷಿಸುವ ಅಭ್ಯಾಸವೊಂದೇ ಇಂಥ ಅನೇಕ ಪ್ರಶ್ನೆಗಳ ಬಲೆಯಿಂದ ಪಾರುಮಾಡುತ್ತದೆ.

ಭಾಷಾ ಖಂಡದಲ್ಲಿ ಮೂರು ಬಗೆಯ ಪ್ರಶ್ನೆಗಳಿವೆ: ಗದ್ಯಭಾಗವನ್ನು ಓದಿ ಉತ್ತರಿಸುವುದು; ಒಂದರಿಂದ ಮೂರು ಬಿಟ್ಟ ಸ್ಥಳಗಳನ್ನು ತುಂಬುವುದು, ಇದರಲ್ಲಿ ಒಂದು ತಪ್ಪಾದರೂ ಉಳಿದವಕ್ಕೆ ಅಂಕವಿಲ್ಲ; ಮತ್ತು ಆರು ಪದಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸುವುದು. ಇದಕ್ಕೆಂದು ಸಾವಿರಾರು ಪದಗಳ ಪಟ್ಟಿಯನ್ನು ಉರು ಹೊಡೆಯುವ ರೂಢಿ, ವಿರುದ್ಧಪದ ಮತ್ತು ಪದಸಾದೃಶ್ಯದ ಪ್ರಶ್ನೆಗಳಿದ್ದ ಕಾಲದಿಂದ ಬಂದದ್ದು. ಆ ಪ್ರಶ್ನೆಗಳು 2011ರಲ್ಲೇ ಕೈಬಿಟ್ಟುಹೋದರೂ ರೂಢಿ ಉಳಿದುಕೊಂಡಿದೆ. ಈಗ ಬೇಕಾದದ್ದು ವಾಕ್ಯದ ಸಂದರ್ಭದಿಂದ ಪದದ ಅರ್ಥವನ್ನು ಹಿಡಿಯುವ ಶಕ್ತಿ, ಮತ್ತು ತೊಡಕಾಗುವುದು ಅಪರೂಪದ ಪದಗಳಷ್ಟೇ ಅಲ್ಲ, ಪರಿಚಿತ ಪದಗಳ ಅಪರಿಚಿತ ಅರ್ಥಗಳು. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತೆಂದು ನಿತ್ಯ ಕೇಳುವ ಕನ್ನಡಿಗರಿಗೆ ಆ ಪದಕ್ಕೆ ಮಂಜೂರಾತಿಯೆಂಬ ಅರ್ಥ ಸಹಜ. ಅದೇ ಪದ ಒಂದು ದೇಶದ ಮೇಲೆ ಹೇರುವ ನಿರ್ಬಂಧಕ್ಕೂ ಸಲ್ಲುತ್ತದೆ. ಅರೆಸ್ಟ್ ಎಂದರೆ ಬಂಧನವಷ್ಟೇ ಅಲ್ಲ, ಬೆಳವಣಿಗೆಯನ್ನು ತಡೆಯುವುದೂ ಹೌದು. ಕ್ವಾಲಿಫೈ ಎಂದರೆ ಅರ್ಹತೆ ಪಡೆಯುವುದಷ್ಟೇ ಅಲ್ಲ, ಹೇಳಿದ ಮಾತಿಗೆ ಮಿತಿ ಹಾಕುವುದೂ ಹೌದು.

ಆರು ವಾರಕ್ಕೆ 500ರಿಂದ 600 ಪದಗಳ ಆಯ್ದ ಪಟ್ಟಿ ಸಾಕಷ್ಟಾಯಿತು. ದಿನಕ್ಕೆ 20ರಂತೆ 30 ದಿನಗಳಲ್ಲಿ ಅದು ಮುಗಿಯುತ್ತದೆ. ಕಲಿತದ್ದು ಉಳಿಯುವ ಬಗೆ ಹೇಗೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕಲಿತದ್ದರ ಬಹುಭಾಗ ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗಿ, ಆಮೇಲೆ ಮರೆವಿನ ವೇಗ ನಿಧಾನವಾಗುತ್ತದೆ. ಒಂದೇ ಸಲ ಹಲವು ಬಾರಿ ಓದುವುದಕ್ಕಿಂತ ಅದೇ ಓದನ್ನು ಬೇರೆ ಬೇರೆ ದಿನಗಳಿಗೆ ಹಂಚಿದರೆ ನೆನಪು ಹೆಚ್ಚು ಬಾಳುತ್ತದೆ. ಇದನ್ನು ಆಚರಣೆಗೆ ತರುವ ಸರಳ ಉಪಾಯವೊಂದನ್ನು ಸೆಬಾಸ್ಟಿಯನ್ ಲೈಟ್ನರ್ 1972ರ ತಮ್ಮ ಪುಸ್ತಕದಲ್ಲಿ ವಿವರಿಸಿದರು: ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥವಿರುವ ಚೀಟಿಗಳನ್ನು ಹಲವು ಮನೆಗಳ ಪೆಟ್ಟಿಗೆಯಲ್ಲಿಟ್ಟು, ನೆನಪಾದ ಚೀಟಿಯನ್ನು ಮುಂದಿನ ಮನೆಗೆ ಸರಿಸಿ, ಮರೆತದ್ದನ್ನು ಮೊದಲ ಮನೆಗೆ ಮರಳಿಸುವುದು. ಮೊದಲ ಮನೆಯ ಚೀಟಿಗಳನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತಿರುವಿಹಾಕಿದರೆ ಶ್ರಮವೆಲ್ಲ ಮರೆಯುವ ಪದಗಳ ಮೇಲೆಯೇ ಬೀಳುತ್ತದೆ. ಈ ಕೆಲಸಕ್ಕೆ ಮೇಜು ಕುರ್ಚಿ ಬೇಡ. ಬಸ್ಸಿನಲ್ಲೋ ಮೆಟ್ರೋದಲ್ಲೋ ಕಳೆಯುವ ಅರ್ಧ ಗಂಟೆಯನ್ನು ಇದಕ್ಕೆ ಕೊಟ್ಟರೆ ಮೇಲೆ ಹೇಳಿದ 43 ಗಂಟೆಗಳಿಗೆ ಕೈಹಚ್ಚಬೇಕಾಗಿಲ್ಲ.

ಚೀಟಿಯ ಹಿಂಬದಿಯನ್ನು ನೋಡುವ ಮೊದಲು ಅರ್ಥವನ್ನು ನೆನೆಯಲು ಯತ್ನಿಸಬೇಕೆಂಬುದಕ್ಕೂ ಬಲವಾದ ಕಾರಣವಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ಯಭಾಗವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ನಂತರ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು. ಗೆರೆ ಎಳೆದು ಪುಟ ತಿರುವುವ ಓದು ಹಿತವೆನಿಸುವುದೂ, ಪರೀಕ್ಷೆಯ ದಿನ ಕೈಕೊಡುವುದೂ ಈ ಕಾರಣದಿಂದಲೇ.

ವಾರಗಳ ಹಂಚಿಕೆ ಈ ತತ್ತ್ವಗಳಿಂದ ತಾನಾಗಿ ಹೊರಡುತ್ತದೆ. ಮೊದಲ ವಾರ ಅಳತೆಯ ಪರೀಕ್ಷೆ, ತಪ್ಪುಗಳ ವಿಂಗಡಣೆ ಮತ್ತು ಅತ್ಯಂತ ದುರ್ಬಲವಾದ ಮೂರು ನಾಲ್ಕು ಪಾಠಗಳ ಆಯ್ಕೆ. ಎರಡು ಮತ್ತು ಮೂರನೆಯ ವಾರ ಆ ಪಾಠಗಳ ಕಲಿಕೆ, ಮೂರನೆಯ ವಾರದ ಕೊನೆಗೆ ಎರಡನೆಯ ಪರೀಕ್ಷೆ. ನಾಲ್ಕನೆಯ ವಾರದಿಂದ ಪಾಠವಾರು ಅಭ್ಯಾಸವನ್ನು ನಿಲ್ಲಿಸಿ ಎಲ್ಲ ಬಗೆಯ ಪ್ರಶ್ನೆಗಳನ್ನು ಬೆರೆಸಿ ಬಿಡಿಸಬೇಕು, ಏಕೆಂದರೆ ಅನುಪಾತದ ಅಧ್ಯಾಯದ ಕೊನೆಯಲ್ಲಿರುವ ಲೆಕ್ಕ ಅನುಪಾತದ್ದೆಂದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಯಾವ ಲೆಕ್ಕಕ್ಕೆ ಯಾವ ವಿಧಾನವೆಂದು ಗುರುತಿಸುವುದೇ ಅರ್ಧ ಕೆಲಸ. ಆ ವಾರದ ಕೊನೆಗೆ ಮೂರನೆಯ ಪರೀಕ್ಷೆ, ಐದನೆಯ ವಾರದ ಕೊನೆಗೆ ನಾಲ್ಕನೆಯದು. ಮೂರನೆಯ ಪರೀಕ್ಷೆಯ ಹೊತ್ತಿಗೂ ಕೈಗೆ ಹತ್ತದ ಪಾಠವನ್ನು ಧೈರ್ಯದಿಂದ ಬಿಡಬೇಕು. 27 ಗಣಿತ ಪ್ರಶ್ನೆಗಳಲ್ಲಿ ಒಂದೋ ಎರಡೋ ಬರಬಹುದಾದ ಪಾಠಕ್ಕೆ ಆರು ಗಂಟೆ ಸುರಿಯುವುದಕ್ಕಿಂತ, ಪ್ರತಿ ಖಂಡದಲ್ಲೂ ಕಾಣಿಸಿಕೊಳ್ಳುವ ಶೇಕಡಾವಾರು ಮತ್ತು ಕೋಷ್ಟಕಗಳ ಪ್ರಶ್ನೆಗಳನ್ನು ಗಟ್ಟಿ ಮಾಡಿಕೊಳ್ಳುವುದರಲ್ಲಿ ಲಾಭ ಹೆಚ್ಚು.

ಸಮಯದ ಅಭ್ಯಾಸವೂ ನಾಲ್ಕನೆಯ ವಾರದಿಂದಲೇ ಸಲ್ಲುತ್ತದೆ. ಭಾಷೆಯ ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ, ಗಣಿತದ ಪ್ರಶ್ನೆಗೆ ಒಂದೂಮುಕ್ಕಾಲು ನಿಮಿಷ ಸಿಗುತ್ತದೆ. ಒಂದು ಖಂಡದೊಳಗೆ ಎಲ್ಲ ಪ್ರಶ್ನೆಗಳಿಗೂ ಸಮಾನ ತೂಕವಿದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲದೆ, ಖಂಡ ಮುಗಿಯುವವರೆಗೆ ಹಿಂದಿನ ಪ್ರಶ್ನೆಗೆ ಮರಳುವ ಅವಕಾಶವೂ ಇರುವುದರಿಂದ, ಎರಡು ನಿಮಿಷದಲ್ಲಿ ದಾರಿ ಕಾಣದ ಪ್ರಶ್ನೆಗೆ ಯಾವುದಾದರೊಂದು ಉತ್ತರ ಗುರುತಿಸಿ, ಚಿಹ್ನೆ ಹಾಕಿ ಮುಂದೆ ಹೋಗುವುದೇ ಸರಿ. ಎರಡನೆಯ ಖಂಡದ ಕಾಠಿಣ್ಯ ಮೊದಲ ಖಂಡದಲ್ಲಿ ಅಭ್ಯರ್ಥಿ ತೋರಿದ ಸಾಮರ್ಥ್ಯವನ್ನು ಅನುಸರಿಸಿ ನಿರ್ಧಾರವಾಗುತ್ತದೆ. ಎರಡನೆಯದು ಕಷ್ಟವೆನಿಸಿದರೆ ಎದೆಗುಂದುವ ಕಾರಣವಿಲ್ಲ, ಮೊದಲನೆಯದನ್ನು ಚೆನ್ನಾಗಿ ಮಾಡಿರುವುದರ ಸೂಚನೆಯೂ ಅದಾಗಿರಬಹುದು.

ಪ್ರಬಂಧಕ್ಕೆ ಆರು ಗಂಟೆ ಸಾಕು. ಕೇಳಬಹುದಾದ ವಿಷಯಗಳ ಸಂಗ್ರಹವನ್ನು ಇಟಿಎಸ್ ಮುಂಚಿತವಾಗಿಯೇ ಪ್ರಕಟಿಸಿರುವುದರಿಂದ ಅದರಿಂದ ವಾರಕ್ಕೆ ಎರಡನ್ನು ಆಯ್ದು, ಒಂದನ್ನು ಪೂರ್ಣವಾಗಿ ಟೈಪ್ ಮಾಡಿ, ಇನ್ನೊಂದಕ್ಕೆ ವಾದ ಮತ್ತು ಪ್ರತಿವಾದಗಳ ಚೌಕಟ್ಟನ್ನಷ್ಟೇ ಬರೆದರೆ ಅಭ್ಯಾಸ ಆಗುತ್ತದೆ. ಪರೀಕ್ಷೆಯ ತೆರೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯವಿಲ್ಲವಾದ್ದರಿಂದ ಮನೆಯಲ್ಲೂ ಅದನ್ನು ನಿಲ್ಲಿಸಿಯೇ ಬರೆಯಬೇಕು.

ಆರನೆಯ ವಾರದಲ್ಲಿ ಹೊಸ ಪಾಠಕ್ಕೆ ಸ್ಥಳವಿಲ್ಲ. ತಪ್ಪುಗಳ ನೋಟ್‌ಬುಕ್ಕನ್ನು ಮೊದಲ ಪುಟದಿಂದ ತೆರೆದು, ಉತ್ತರವನ್ನು ಮುಚ್ಚಿ, ಅದೇ ಪ್ರಶ್ನೆಗಳನ್ನು ಮತ್ತೆ ಬಿಡಿಸುವುದು ಆ ವಾರದ ಮುಖ್ಯ ಕೆಲಸ. ನಿದ್ದೆಗೆಟ್ಟು ಓದಿದರೆ ಹಿಂದಿನ ಐದು ವಾರಗಳ ಗಳಿಕೆಗೇ ಪೆಟ್ಟು. ಮನೆಯಿಂದಲೇ ಪರೀಕ್ಷೆ ಬರೆಯುವವರಿಗೆ ಸಾಮಾನ್ಯ ಕಾಗದ ಬಳಸಲು ಅನುಮತಿಯಿಲ್ಲದೆ, ಅಳಿಸಬಹುದಾದ ಚಿಕ್ಕ ಬಿಳಿ ಹಲಗೆಯಂಥದರ ಮೇಲೆಯೇ ಲೆಕ್ಕ ಮಾಡಬೇಕಾಗುವುದರಿಂದ ಅದರ ಮೇಲೆ ಬರೆಯುವ ರೂಢಿಯೂ ಈ ವಾರದೊಳಗೆ ಆಗಿರಬೇಕು. ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಇನಿಷಿಯಲ್ ಆಗಿ ಬಳಸುವ ಪದ್ಧತಿ ಕರ್ನಾಟಕದಲ್ಲಿ ವ್ಯಾಪಕವಾಗಿದ್ದು, ಅಂಕಪಟ್ಟಿಯಲ್ಲಿ ಒಂದು ರೂಪ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೂಪ ಇರುವುದು ಅಪರೂಪವಲ್ಲ. ನೋಂದಣಿಯ ಹೆಸರು ತೋರಿಸಬೇಕಾದ ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಶಃ ಹೊಂದದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟವಾಗುವುದರಿಂದ, ಇದನ್ನು ನೋಂದಾಯಿಸುವ ದಿನವೇ ಸರಿಪಡಿಸಿಕೊಳ್ಳಬೇಕು.

ಫಲಿತಾಂಶ ನಿರೀಕ್ಷೆಗಿಂತ ಕೆಳಗಿದ್ದರೆ 21 ದಿನಗಳ ಕಡ್ಡಾಯ ಬಿಡುವು ಇನ್ನೊಂದು ಚಿಕ್ಕ ಯೋಜನೆಗೆ ಒದಗುತ್ತದೆ. ಯಾವ ದಿನದ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಬೇಕೆಂಬ ಆಯ್ಕೆ ಅಭ್ಯರ್ಥಿಯದೇ ಆಗಿದ್ದು, ಐದು ವರ್ಷ ಅವು ಊರ್ಜಿತವಾಗಿರುವುದರಿಂದ, ಎರಡನೆಯ ಪ್ರಯತ್ನದಿಂದ ಮೊದಲನೆಯದಕ್ಕೆ ಹಾನಿಯಿಲ್ಲ. ಆ ಮೂರು ವಾರಕ್ಕೆ ಹೊಸ ಪುಸ್ತಕ ಕೊಳ್ಳುವ ಅಗತ್ಯವಿಲ್ಲ. ಪರೀಕ್ಷೆ ಮುಗಿದ ಸಂಜೆಯೇ ಯಾವ ಖಂಡದಲ್ಲಿ ಸಮಯ ಸಾಲಲಿಲ್ಲ, ಯಾವ ಬಗೆಯ ಪ್ರಶ್ನೆಯಲ್ಲಿ ಕೈ ತಡವರಿಸಿತು ಎಂಬುದನ್ನು ನೆನಪು ಹಸಿಯಾಗಿರುವಾಗ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರೆ, ಮರುದಿನದ ಅಭ್ಯಾಸ ಆ ಪುಟದಿಂದ ಮುಂದುವರಿಯುತ್ತದೆ.